ಸಿರಿಲ್ ಕೆರಿಜ್ ತಾನೇ ಎಂದು ಸಾಬೀತು ಮಾಡಿದ್ದು

ಸಿರಿಲ್ ಕೆರಿಜ್‌ನ ತಲೆಯ ಮೇಲಿರುವುದು ಅವನ ಸ್ವಂತ ಕೂದಲಲ್ಲ ಎಂಬುದು ಥಾರ್ನಿಂಗ್‌ಹ್ಯಾಮ್ ಊರಿಗೆಲ್ಲ ಗೊತ್ತಿತ್ತು. ಊರಿಗೆಲ್ಲ ಗೊತ್ತಿದೆ ಎಂಬುದು ಮಾತ್ರ ಒಬ್ಬನಿಗೆ ಗೊತ್ತಿರಲಿಲ್ಲ. ಆ ಒಬ್ಬ ಸಿರಿಲ್.

ಹನ್ನೊಂದು ವರ್ಷದ ಹಿಂದೆ ಅವನು ಹದಿನೈದು ದಿನದ ಮಟ್ಟಿಗೆ ಸಮುದ್ರತೀರದಲ್ಲಿದ್ದ ತಂಗಿಯ ಮನೆಗೆ ಹೋಗಿದ್ದ. ಹೋಗುವಾಗ ನುಣ್ಣಗೆ ಬೋಳಾಗಿದ್ದ ತಲೆ, ಬರುವಾಗ ದಟ್ಟವಾದ ಕಂದು ಕೂದಲು ಹೊತ್ತು, ಎಡಗಡೆ ಬೈತಲೆ ತೆಗೆದುಕೊಂಡು ಬಸ್ಸಿನಿಂದ ಇಳಿಯಿತು. ಬೇರೆ ಯಾವ ಊರಾಗಿದ್ದರೂ ‘ಏನಯ್ಯಾ ಇದು ತಲೆ ಮೇಲೆ?’ ಎಂದು ಯಾರಾದರೊಬ್ಬರು ಕೇಳಿ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಮ್ಮದು ಮರ್ಯಾದಸ್ಥರ ಊರು. ಪಕ್ಕದ ಮನೆಗೆ ಬೆಂಕಿ ಬಿದ್ದರೂ ಇಲ್ಲಿಯವರು ಮೊದಲು ‘ತೊಂದರೆ ಕೊಡ್ತಿದ್ರೆ ಕ್ಷಮಿಸಿ’ ಎಂದೇ ಬಾಗಿಲು ತಟ್ಟುವುದು. ಅಂಚೆ ಕಚೇರಿಯ ಬೆರಿಲ್ ಥರ್ಲೋ ಅವನನ್ನು ನೋಡಿದಳು, ಆಮೇಲೆ ಆಕಾಶ ನೋಡಿದಳು. “ಸಮುದ್ರದ ಗಾಳಿ ನಿಂಗೆ ಚೆನ್ನಾಗಿ ಹಿಡಿಸಿದೆ ಸಿರಿಲ್” ಎಂದಳು. ಅಂದಿನಿಂದ ಊರಿನವರೆಲ್ಲ ಅದೇ ಮಾತಿಗೆ ಕಟ್ಟುಬಿದ್ದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಎನ್ನುತ್ತಾರೆ. ಇಲ್ಲಿ ಬೆಕ್ಕಿನ ಮರ್ಯಾದೆಗಾಗಿ ಊರಿಗೆ ಊರೇ ಕಣ್ಣು ಮುಚ್ಚಿಕೊಂಡಿತ್ತು. ಅವನ ಹೆಂಡತಿ ಎನಿಡ್ ಕೂಡ ಮುಚ್ಚಿಕೊಂಡಿದ್ದಳು. ಸಿರಿಲ್ ರಾತ್ರಿ ಉಣ್ಣೆಯ ಟೋಪಿ ಹಾಕಿಕೊಂಡೇ ಮಲಗುತ್ತಿದ್ದ. ನೆಗಡಿಯ ದೇಹ ಎಂದು ಅವಳಿಗೆ ಹೇಳಿದ್ದ. ಜುಲೈ ತಿಂಗಳಲ್ಲೂ ಅದೇ ನೆಗಡಿ.

ಓಟು ಹಾಕಲು ಬರುವವರು ಫೋಟೋ ಇರುವ ಗುರುತಿನ ಚೀಟಿ ತರಲೇಬೇಕು ಎಂಬ ಹೊಸ ಕಾನೂನು ಬಂದಾಗ, ಅದನ್ನು ಇಂಗ್ಲೆಂಡಿನಲ್ಲೇ ಅತ್ಯಂತ ಜೋರಾಗಿ ಸ್ವಾಗತಿಸಿದವನು ಬಹುಶಃ ಸಿರಿಲ್. ಮೂವತ್ತೈದು ವರ್ಷ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರಾಗಿ ಮಾಂಸದಂಗಡಿಗಳ ತಕ್ಕಡಿಗಳನ್ನು ಅನುಮಾನಿಸಿ ನಿವೃತ್ತನಾದ ಮನುಷ್ಯ. ಅನುಮಾನ ಪಡಲು ಹೊಸದೊಂದು ವಿಷಯ ಸಿಕ್ಕಿದ್ದು ಅವನಿಗೆ ಪಿಂಚಣಿ ಹೆಚ್ಚಾದಷ್ಟೇ ಸಂತೋಷ ತಂದಿತು.

ಎದುರಾಳಿ ಪಕ್ಕದ ಮನೆಯ ರೊನಾಲ್ಡ್ ಗ್ಯಾರಡ್. ಇವನು ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೋಲ್ಸ್ ಆಟದ ಊರಿನ ಕ್ಲಬ್ಬಿನ ಅಧ್ಯಕ್ಷ. ಪ್ಲೌ ಪಬ್ಬಿನಲ್ಲಿ ಇಬ್ಬರಿಗೂ ಜಟಾಪಟಿ.

“ಇನ್ನೂರು ಚಿಲ್ಲರೆ ಓಟಿರೋ ಊರು ಕಣೋ ಇದು. ಯಾರ ನಾಯಿ ಯಾವಾಗ ಮರಿ ಹಾಕ್ತು ಅನ್ನೋದೂ ಎಲ್ರಿಗೂ ಗೊತ್ತು. ಇಲ್ಲಿ ಚೀಟಿ ಯಾತಕ್ಕೆ? ನಮ್ಮ ಎಡ್ನಾ ಚಿಕ್ಕಮ್ಮಂಗೆ ತೊಂಬತ್ತೊಂದು. ಪಾಸ್‌ಪೋರ್ಟಿಲ್ಲ, ಲೈಸೆನ್ಸಿಲ್ಲ. ಅವಳು ಅವಳಲ್ಲ ಅಂತೀಯಾ?” ಎಂದ ರೊನಾಲ್ಡ್.

“ಅವಳೇ ಅಂತ ಏನು ಪುರಾವೆ?” ಎಂದ ಸಿರಿಲ್. “ನಾಳೆ ಯಾವನೋ ನನ್ನ ಕೋಟು ಹಾಕ್ಕೊಂಡು ಬಂದು ನಾನೇ ಸಿರಿಲ್ ಕೆರಿಜ್ ಅಂದ್ರೆ?”

“ಅಯ್ಯೋ ಮಾರಾಯ, ಬೇಕೂ ಬೇಕೂ ಅಂತ ನೀನಾಗೋಕೆ ಯಾರಪ್ಪ ಬರ್ತಾರೆ?”

ಪಬ್ಬಿಗೆ ಪಬ್ಬೇ ನಕ್ಕಿತು. ಸಿರಿಲ್‌ಗೆ ರೇಗಿತು. ಎದ್ದು ನಿಂತು ಮೇಜು ಗುದ್ದಿದ. “ಇಲ್ಲಿ ಕೇಳಿ ಎಲ್ರೂ! ಮುಖ ಒಂದು, ಫೋಟೋ ಒಂದು ಆದ್ರೆ ವಾಪಸ್ ಕಳಿಸ್ಬೇಕು. ನನ್ನ ಹೆಂಡ್ತಿಯಾದ್ರೂ ಸೈ, ನಾನಾದ್ರೂ ಸೈ. ಅದರಲ್ಲಿ ದಾಕ್ಷಿಣ್ಯ ಇಟ್ಕೋಬಾರ್ದು!”

ಈ ಮಾತು ಕೇಳಿ ಬೆರಿಲ್ ಕೈಯಲ್ಲಿದ್ದ ಶೆರ್ರಿ ವೈನಿನ ಲೋಟ ಕೆಳಗಿಟ್ಟಳು. ಏಕೆಂದರೆ ನಮ್ಮ ಮತಗಟ್ಟೆಯ ಅಧಿಕಾರಿಣಿ ಯಾವಾಗಲೂ ಅವಳೇ. ಬರಲಿರುವ ಕಷ್ಟ ಅವಳಿಗೆ ಆಗಲೇ ಕಂಡಿರಬೇಕು.

ಇಷ್ಟರಲ್ಲಿ ಪಂಚಾಯಿತಿಯ ಒಂದು ಸ್ಥಾನ ಖಾಲಿಯಾಗಿ ಮೇ ತಿಂಗಳ ಮೊದಲ ಗುರುವಾರ ಚುನಾವಣೆ ಗೊತ್ತಾಯಿತು. ರೊನಾಲ್ಡ್ ನಿಂತ. ಊರ ಮೈದಾನದ ಅಂಚಿನಲ್ಲಿರುವ ಸಾರ್ವಜನಿಕ ಶೌಚಾಲಯವನ್ನು ಮುಚ್ಚಿಸಿ, ಅಲ್ಲಿ ಕ್ಲಬ್ಬಿನ ಹುಲ್ಲು ಕತ್ತರಿಸುವ ಯಂತ್ರ ಇಡಬೇಕು ಎನ್ನುವುದು ಅವನ ಕಾರ್ಯಕ್ರಮ. ಆ ಶೌಚಾಲಯ ಬಸ್ ನಿಲ್ದಾಣದ ಎದುರಿಗೇ ಇದೆ. ಬಸ್ಸು ಎಂದೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಕಾಯುವವರೆಲ್ಲ ಅರವತ್ತು ದಾಟಿದವರು. ಇದು ನಗುವ ವಿಷಯವಲ್ಲ ಎಂದು ಎನಿಡ್ ಕೆರಿಜ್ ಕೂಡ ನಾಮಪತ್ರ ಹಾಕಿದಳು. ನಲವತ್ತು ವರ್ಷದ ಸಂಸಾರದಲ್ಲಿ ಯಾವುದಕ್ಕೂ ಮುಂದೆ ಬಾರದ ಹೆಂಗಸು ಮನೆಮನೆಗೆ ಹೋಗಿ ಕರಪತ್ರ ಕೊಟ್ಟಳು.

ಸಿರಿಲ್ ಹೆಂಡತಿಗಾಗಿ ಹದಿನಾಲ್ಕು ಪುಟದ ಭಾಷಣ ಬರೆದುಕೊಟ್ಟ. ಹನ್ನೊಂದು ಪುಟ ಗುರುತಿನ ಚೀಟಿಯ ಮೇಲೇ ಇತ್ತು.

“ಭಾಷಣ ಬೇಡ ಸಿರಿಲ್. ನನಗೆ ನಿನ್ನಿಂದ ಬೇಕಾಗಿರೋದು ಒಂದೇ ಒಂದು ಓಟು. ಈ ಸಲ ಒಂದೊಂದು ಓಟೂ ಲೆಕ್ಕಕ್ಕೆ ಬರುತ್ತೆ” ಎಂದಳು ಎನಿಡ್. ಚಹಾ ಬಗ್ಗಿಸುತ್ತಾ, ಕಪ್ಪಿನ ಕಡೆಗೇ ನೋಡಿಕೊಂಡು, “ನಿನ್ನ ಚೀಟಿ ಯಾವುದು?” ಎಂದು ಕೇಳಿದಳು.

“ಪಾಸ್‌ಪೋರ್ಟ್. ರಜೆಗೆ ಅಂತ ಸ್ಪೇನಿನ ಮಯೋರ್ಕಾಕ್ಕೆ ಹೋದಾಗ ಮಾಡಿಸಿದ್ದು. ಅವಧಿ ಮುಗಿದಿದ್ರೂ ನಡೆಯುತ್ತೆ, ಕಾನೂನು ಓದಿದೀನಿ. ಮುಖ ತಾಳೆಯಾದ್ರೆ ಸಾಕು.”

“ಅದು... ಸ್ವಲ್ಪ ಹಳೇದಲ್ವಾ? ಆಗಿನ ಬೆಳಕು... ಈಗಿನ ಬೆಳಕು... ಫೋಟೋ ಇರೋ ಬಸ್ ಪಾಸ್ ಒಂದು ಮಾಡಿಸ್ಕೋಬಹುದಿತ್ತು. ಇಲ್ಲಾಂದ್ರೆ ಸರ್ಕಾರದವರು ಪುಕ್ಕಟೆ ಚೀಟಿ ಕೊಡ್ತಾರಂತೆ, ಅದಾದ್ರೂ...”

“ಬಸ್ ಪಾಸ್ ಮುದುಕರಿಗೆ” ಎಂದ ಅರವತ್ತೆಂಟರ ಸಿರಿಲ್. “ಪುಕ್ಕಟೆ ಚೀಟಿ ಏನೂ ಇಲ್ದೋರಿಗೆ. ನನ್ನ ಹತ್ರ ಪಾಸ್‌ಪೋರ್ಟಿದೆ.” ಹನ್ನೆರಡು ವರ್ಷದಿಂದ ಅವನು ಆ ಪಾಸ್‌ಪೋರ್ಟನ್ನು ತೆರೆದೇ ನೋಡಿರಲಿಲ್ಲ. ಫೋಟೋದಲ್ಲಿ ತಾನು ಬಹಳ ಲಕ್ಷಣವಾಗಿ ಬಂದಿದ್ದೆ ಎಂಬುದಷ್ಟೇ ಅವನಿಗೆ ನೆನಪು. ಎನಿಡ್ ಚಹಾಕ್ಕೆ ಎರಡನೇ ಸಲ ಸಕ್ಕರೆ ಹಾಕಿದಳು.

ಗುರುವಾರ ಬಂತು. ಎನಿಡ್ ಬೆಳಗ್ಗೆ ಏಳಕ್ಕೇ ಓಟು ಹಾಕಿ, ನಡೆಯಲಾರದವರನ್ನು ಕರೆತರಲು ಹೊರಟುಹೋದಳು. ಸಿರಿಲ್ ಮಧ್ಯಾಹ್ನದವರೆಗೂ ಸಮುದಾಯ ಭವನದ ಗೇಟಿನಲ್ಲಿ ನಿಂತು, ಬಂದವರಿಗೆಲ್ಲ ‘ಚೀಟಿ ತಂದಿದೀರಾ?’ ಎಂದು ಕೇಳಿದ. ಲೈಬ್ರರಿ ಕಾರ್ಡು ಹಿಡಿದು ಬಂದಿದ್ದ ಒಬ್ಬಾಕೆಯನ್ನು ಅವನೇ ವಾಪಸ್ ಕಳಿಸಿದ. ಆಕೆ ಎನಿಡ್‌ಗೇ ಹಾಕುವವಳು. ಮತ್ತೆ ಬರಲೇ ಇಲ್ಲ.

ನಾಲ್ಕು ಗಂಟೆಗೆ ತಾನೂ ಒಳಗೆ ಹೋದ. ಅವನ ಹಿಂದೆ ಸಾಲಿನಲ್ಲಿ ಏಳು ಜನ. ಮೇಜಿನ ಹಿಂದೆ ಬೆರಿಲ್. ಅವಳ ಪಕ್ಕದಲ್ಲಿ ಮಿಸೆಸ್ ಸಗ್ಡನ್ ಎಂಬ ಗುಮಾಸ್ತೆ. ಮೂಲ ಯಾರ್ಕ್‌ಶೈರಿನವಳು. ಆ ಕಡೆಯವರದು ಕಡ್ಡಿ ಮುರಿದಂಥ ಮಾತು. ನಮ್ಮ ಊರಿನ ಒಪ್ಪಂದ ಅವಳಿಗೆ ಗೊತ್ತಿರಲಿಲ್ಲ.

“ಹೆಸರು?”

“ಸಿರಿಲ್ ಕೆರಿಜ್” ಎಂದು ಅವನು ಪಾಸ್‌ಪೋರ್ಟನ್ನು ಮೇಜಿನ ಮೇಲೆ ಇಸ್ಪೀಟಿನ ಎಕ್ಕದಂತೆ ಹೊಡೆದ. “ಚೆನ್ನಾಗಿ ನೋಡಿ. ದಾಕ್ಷಿಣ್ಯ ಬೇಡ.”

ಮಿಸೆಸ್ ಸಗ್ಡನ್ ತೆರೆದಳು. ಫೋಟೋ ನೋಡಿದಳು. ಸಿರಿಲ್‌ನನ್ನು ನೋಡಿದಳು. ಮತ್ತೆ ಫೋಟೋ ನೋಡಿದಳು. ಅದರಲ್ಲಿದ್ದ ಮನುಷ್ಯನ ತಲೆ ಹುಬ್ಬಿನಿಂದ ಹಿಂದಕ್ಕೆ ಎಲ್ಲೂ ತಡೆಯಿಲ್ಲದೆ ಸಾಗಿತ್ತು. ಮೇಲೆ ಫ್ಲಾಶಿನ ಬೆಳಕು ಬಿದ್ದು ಪಳಪಳ ಹೊಳೆಯುತ್ತಿತ್ತು.

“ಇದು ನಿಮ್ಮದಲ್ಲ” ಎಂದಳು.

“ಏನಂದ್ರಿ?”

“ಈ ಫೋಟೋದಲ್ಲಿರೋ ಮನುಷ್ಯಂಗೆ ಕೂ...”

ಬೆರಿಲ್ ಭಯಂಕರವಾಗಿ ಕೆಮ್ಮಿದಳು. ಅಷ್ಟು ದೊಡ್ಡ ಕೆಮ್ಮು ಅವಳ ಆಯುಷ್ಯದಲ್ಲೇ ಬಂದಿರಲಿಲ್ಲ. “ಬಿಸ್ಕತ್ತು ತಗೊಳ್ಳಿ ಮಿಸೆಸ್ ಸಗ್ಡನ್” ಎಂದು ಡಬ್ಬಿಯನ್ನು ಅವಳ ಮೂಗಿಗೇ ಹಿಡಿದಳು. ಪಾಸ್‌ಪೋರ್ಟ್ ತಾನು ತೆಗೆದುಕೊಂಡಳು. ಒಂದು ಸಲ ನೋಡಿದಳು. ಅವಳ ಮುಖ ನೋಡಿದರೆ ಅಯ್ಯೋ ಅನಿಸುತ್ತಿತ್ತು.

“ಸಿರಿಲ್... ಈ ಫೋಟೋ ಸ್ವಲ್ಪ... ಹೇಗೆ ಹೇಳ್ಲಿ... ಮೇಲ್ಗಡೆ ಬೆಳಕು ಜಾಸ್ತಿ ಆಗಿದೆ.”

“ಬೆಳಕಿಗೂ ಓಟಿಗೂ ಏನು ಸಂಬಂಧ? ಕೊಡು ಇಲ್ಲಿ” ಎಂದು ಸಿರಿಲ್ ಕಿತ್ತುಕೊಂಡು ನೋಡಿದ.

ಹನ್ನೆರಡು ವರ್ಷದ ಹಿಂದಿನ ಸಿರಿಲ್ ಅವನನ್ನೇ ದಿಟ್ಟಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಸಿರಿಲ್‌ನ ಕೈ ಹೆಗಲು ದಾಟಿ ನೆತ್ತಿಗೇ ಹೋಯಿತು. ಮುಖ ಹುಳ್ಳಗಾಯಿತು.

ಸಾಲಿನಲ್ಲಿದ್ದವರು ತಮ್ಮ ಕೈಲಾದ ಸಹಾಯ ಮಾಡಿದರು.

“ವಯಸ್ಸಾದ ಹಾಗೆ ಮನುಷ್ಯನ... ಹಣೆ ಬದಲಾಗುತ್ತೆ” ಎಂದರು ಚರ್ಚಿನಲ್ಲಿ ಆರ್ಗನ್ ನುಡಿಸುವ ಮಿಸ್ ಪೆಟಿಟ್.

“ಹಣೆ ಕಮ್ಮಿ ಆಗೋದನ್ನ ನಾನು ಎಲ್ಲೂ ನೋಡಿಲ್ಲ” ಎಂದಳು ಬಿಸ್ಕತ್ತು ಮುಗಿಸಿದ ಮಿಸೆಸ್ ಸಗ್ಡನ್. “ಇದು ಸುಲಭ ಇದೆಯಲ್ಲಾ. ಅವರು ಆ ವಿ...”

“ಇನ್ನೊಂದು ತಗೊಳ್ಳಿ!” ಎಂದಳು ಬೆರಿಲ್.

ಗಲಾಟೆ ಕೇಳಿ ಹೊರಗೆ ನಿಂತಿದ್ದ ರೊನಾಲ್ಡ್ ಒಳಗೆ ಬಂದ. ಎದೆಯ ಮೇಲೆ ಅಭ್ಯರ್ಥಿಯ ಗುರುತಾದ, ತಟ್ಟೆಯಷ್ಟು ದೊಡ್ಡ ರಿಬ್ಬನ್ ಹೂವು. ವಿಷಯ ತಿಳಿಯಿತು. ಈ ಓಟು ತಪ್ಪಿದರೆ ಅವನಿಗೇ ಲಾಭ. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು. ಆದರೆ ಎರಡು ತಿಂಗಳಿಂದ ಪಬ್ಬಿನಲ್ಲಿ ವಾದ ಮಾಡಿದವನಿಗೆ ಬಾಯಿ ಮುಚ್ಚುವುದು ಎಲ್ಲಿ ಸಾಧ್ಯ?

“ನೋಡಿದ್ರಾ! ನಾನು ಹೇಳಿದ್ದು ಇದನ್ನೇ!” ಎಂದು ಕೂಗಿದ. “ಬೆರಿಲ್, ಇವನು ಸಿರಿಲ್. ಒಂದನೇ ಕ್ಲಾಸಿಂದ ನನ್ನ ಪಕ್ಕ ಕೂತು ನನ್ನ ಪೆನ್ಸಿಲ್ ಕಚ್ಚಿದವನು. ನಿನ್ನ ಪಕ್ಕಾನೂ ಕೂತಿದ್ದ. ಕೊಡಮ್ಮ ಓಟು!”

“ನನಗೆ ಗೊತ್ತಿಲ್ವಾ ರೊನಾಲ್ಡ್? ಆದ್ರೆ ನನಗೆ ಗೊತ್ತಿರೋದು ಪುರಾವೆ ಆಗಲ್ಲ ಅಂತಾನೇ ಕಾನೂನಲ್ಲಿರೋದು.”

“ಕತ್ತೆ ಕಾನೂನು! ಸಿರಿಲ್, ನೀನೇ ಹೇಳೋ. ನೀನು ನೀನಲ್ವೇನೋ?”

ಸಿರಿಲ್ ಪಾಸ್‌ಪೋರ್ಟನ್ನು ಮೇಜಿನ ಮೇಲೆ ಮಗುಚಿಟ್ಟ. ಹೌದು ಎಂದರೆ ಎರಡು ತಿಂಗಳ ವಾದ ಮಣ್ಣುಪಾಲು. ಅಲ್ಲ ಎಂದರೆ ಎನಿಡ್‌ಳ ಓಟು ಮಣ್ಣುಪಾಲು. “ತಾತ್ವಿಕವಾಗಿ ನೋಡಿದ್ರೆ,” ಎಂದ ನಿಧಾನಕ್ಕೆ, “ನಾನೇ ಅಂತ ಹೇಳೋಕೆ ಸದ್ಯಕ್ಕೆ ನನ್ನ ಹತ್ರ ಪುರಾವೆ ಇಲ್ಲ.”

“ಅಯ್ಯೋ ನಿನ್ನ!” ಎಂದು ರೊನಾಲ್ಡ್ ಕುರ್ಚಿಯ ಮೇಲೆ ಕುಸಿದ.

ಬೆರಿಲ್ ಎದ್ದು ಬಂದು ಸಿರಿಲ್‌ನ ತೋಳು ಹಿಡಿದಳು. ಭವನದ ಮೂಲೆಯಲ್ಲಿ ಒಂದು ಬಟ್ಟೆಯ ಪರದೆಯನ್ನು ಕಾಲುಗಳ ಮೇಲೆ ನಿಲ್ಲಿಸಿದ್ದರು. “ಮುಖ ಮುಚ್ಕೊಂಡು ಬರೋ ಹೆಂಗಸರಿಗೆ ಅಂತ ಮೇಲಿನವರು ಇದನ್ನ ಕೊಟ್ಟಿದ್ದಾರೆ. ಹಿಂದೆ ಕನ್ನಡಿ ಇದೆ. ನಾನೊಬ್ಳೇ ನೋಡ್ತೀನಿ, ಆಮೇಲೆ ಮರೀತೀನಿ. ಯಾರಿಗಾದ್ರೂ ಏನಾದ್ರೂ... ಸ್ವಲ್ಪ ಹೀಗೆ... ಸರಿ ಮಾಡ್ಕೊಳ್ಳೋದಿದ್ರೆ.”

“ನನಗೆ ಸರಿ ಮಾಡ್ಕೊಳ್ಳೋದು ಏನೂ ಇಲ್ಲ” ಎಂದ ಸಿರಿಲ್.

“ಇಲ್ಲ, ಇಲ್ಲ. ಖಂಡಿತ ಇಲ್ಲ” ಎಂದಳು ಬೆರಿಲ್. ಸಾಲಿನಲ್ಲಿದ್ದ ಏಳೂ ಜನ ‘ಖಂಡಿತ ಇಲ್ಲ’ ಎಂದು ತಲೆಯಾಡಿಸಿದರು.

ಅವನು ಬಾಗಿಲ ಕಡೆ ಹೊರಟೇಬಿಟ್ಟ. ಕಿಟಕಿಯಾಚೆ ಎನಿಡ್ ಕಂಡಳು. ರೊನಾಲ್ಡ್‌ನ ತೊಂಬತ್ತೊಂದರ ಎಡ್ನಾ ಚಿಕ್ಕಮ್ಮನನ್ನು ಕೈಹಿಡಿದು ಶೌಚಾಲಯದಿಂದ ಬಸ್ ನಿಲ್ದಾಣಕ್ಕೆ ಹೆಜ್ಜೆ ಹೆಜ್ಜೆಯಾಗಿ ದಾಟಿಸುತ್ತಿದ್ದಳು. ಬೆಳಗಿನಿಂದ ನಡೆದು ನಡೆದು ಎನಿಡ್ ಒಂದು ಕಾಲು ಎಳೆದುಹಾಕುತ್ತಿದ್ದಳು. ಇವಳು ನನ್ನ ಕೇಳಿದ್ದು ಒಂದೇ ಓಟಲ್ಲವೇ ಎಂದುಕೊಂಡ ಸಿರಿಲ್. ಅವನು ಹಿಂದಿರುಗಿ, ಯಾರ ಮುಖವನ್ನೂ ನೋಡದೆ, ನೆಟ್ಟಗೆ ಪರದೆಯ ಹಿಂದೆ ಹೋದ. ಬೆರಿಲ್ ಪಾಸ್‌ಪೋರ್ಟ್ ಹಿಡಿದು ಹಿಂಬಾಲಿಸಿದಳು.

ಅಂಟು ಬಿಟ್ಟ ‘ಚರ್’ ಎಂಬ ಸದ್ದು. ಆಮೇಲೆ ಸಿರಿಲ್‌ನ ಮೊಣಕೈ ಪರದೆಗೆ ತಾಗಿತು. ಸರ್ಕಾರಿ ಪರದೆ. ಒಮ್ಮೆ ಆಚೆ ವಾಲಿತು, ಒಮ್ಮೆ ಈಚೆ ವಾಲಿತು, ದಢಾರನೆ ಬಿತ್ತು.

ಭವನದ ನಡುವೆ ಸಿರಿಲ್ ಕೆರಿಜ್ ನಿಂತಿದ್ದ. ಕೂದಲು ಕೈಯಲ್ಲಿತ್ತು. ಮೇ ತಿಂಗಳ ಸಂಜೆ ಬಿಸಿಲು ದೊಡ್ಡ ಕಿಟಕಿಯಿಂದ ಬಂದು ನೇರವಾಗಿ ಅವನ ನೆತ್ತಿಯ ಮೇಲೆ ಬಿದ್ದಿತ್ತು.

ಇಂಥ ಹೊತ್ತಿನಲ್ಲೇ ಒಂದು ಊರಿನ ಸಂಸ್ಕಾರ ತಿಳಿಯುವುದು. ಏಳು ಜನವೂ ಒಟ್ಟಿಗೆ ಕತ್ತೆತ್ತಿ ಛಾವಣಿ ನೋಡಿದರು. “ಈ ತೊಲೆ ಓಕ್ ಮರದ್ದಲ್ವಾ?” ಎಂದರು ಮಿಸ್ ಪೆಟಿಟ್. “ಓಕ್ ಮರದ್ದೇ. ಹಳೇ ಕೆಲಸ” ಎಂದ ಯಾರೋ. ರೊನಾಲ್ಡ್ ಗ್ಯಾರಡ್, ಬದ್ಧ ವೈರಿ ರೊನಾಲ್ಡ್, ಶೂ ದಾರ ಕಟ್ಟಲು ಬಗ್ಗಿದವನು ಮೇಲೇಳಲೇ ಇಲ್ಲ. ಅವನ ಶೂಗಳಿಗೆ ದಾರವೇ ಇರಲಿಲ್ಲ.

“ಈಗ ಬೆಳಕು ಸರಿಯಾಯ್ತು ಸಿರಿಲ್” ಎಂದಳು ಬೆರಿಲ್. “ಮುಖ ತಾಳೆಯಾಗಿದೆ.”

“ಅದನ್ನೇ ನಾನು ಮೊದಲಿಂದ...” ಎಂದು ಮಿಸೆಸ್ ಸಗ್ಡನ್ ಶುರುಮಾಡಿದಳು. ಬೆರಿಲ್ ಬಿಸ್ಕತ್ತಿನ ಡಬ್ಬಿಯನ್ನು ಇಡಿಯಾಗಿ ಅವಳ ತೊಡೆಯ ಮೇಲಿಟ್ಟಳು.

ಸಿರಿಲ್ ವಿಗ್ಗನ್ನು ತಲೆಗೇರಿಸಿ ಸುತ್ತ ನೋಡಿದ. ಎಲ್ಲರೂ ಛಾವಣಿ ನೋಡುತ್ತಿದ್ದರು. ದೇವರು ದೊಡ್ಡವನು, ಯಾರೂ ನೋಡಲಿಲ್ಲ ಎಂದುಕೊಂಡ. ಎದೆಯ ಭಾರ ಇಳಿಯಿತು. ಮತಪತ್ರ ಪಡೆದು, ದಾರಕ್ಕೆ ಕಟ್ಟಿದ ಪೆನ್ಸಿಲ್ ಹಿಡಿದು ಓಟು ಹಾಕುವ ಮರೆಯೊಳಗೆ ನಿಂತ. ಒಂದು ಗುರುತು ಹಾಕುವುದಕ್ಕೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನಿಂತಿದ್ದ. ಹೊರಗೆ ಬಂದಾಗ ಯುದ್ಧ ಗೆದ್ದವನ ನಡಿಗೆ.

ಮರುದಿನ ಬೆಳಗ್ಗೆ ಅದೇ ಭವನದಲ್ಲಿ ಎಣಿಕೆ. ಜಿಲ್ಲಾ ಕಚೇರಿಯಿಂದ ಬಂದ ಅಧಿಕಾರಿ ಎರಡು ಸಲ ಎಣಿಸಿದ, ಮೂರನೇ ಸಲವೂ ಎಣಿಸಿದ. ಎನಿಡ್‌ಗೆ ಎಂಬತ್ತಾರು. ರೊನಾಲ್ಡ್‌ಗೆ ಎಂಬತ್ತಾರು.

“ಒಂದು ಮತ ಅಸಿಂಧು. ಅಭ್ಯರ್ಥಿಗಳು ನೋಡಬಹುದು” ಎಂದು ಅವನು ಒಂದು ಮತಪತ್ರ ಎತ್ತಿ ಹಿಡಿದ.

ಎನಿಡ್ ಕೆರಿಜ್ ಎಂಬ ಹೆಸರಿನ ಎದುರು ಸ್ಪಷ್ಟವಾದ ಗುರುತು. ಅದರ ಕೆಳಗೆ, ಮೂವತ್ತೈದು ವರ್ಷ ವರದಿ ಬರೆದ ಮುದ್ದಾದ ಅಕ್ಷರದಲ್ಲಿ: ‘ಈ ಮತ ಹಾಕಿದವನು ಸಾಕ್ಷಾತ್ ಸಿರಿಲ್ ಕೆರಿಜ್, ಮೂರು, ಮಿಲ್ ಲೇನ್. ಮುಖ ಪರಿಶೀಲಿಸಲಾಗಿದೆ. ಅನುಮಾನವಿದ್ದರೆ ಬೆರಿಲ್‌ಳನ್ನು ಕೇಳುವುದು.’ ಕೆಳಗೆ ಸಹಿ, ತಾರೀಕು.

ಭವನದಲ್ಲಿದ್ದವರ ಕತ್ತುಗಳೆಲ್ಲ ತಾವಾಗಿಯೇ ಮತ್ತೆ ಛಾವಣಿಯ ಕಡೆ ತಿರುಗಿದವು.

“ಇದನ್ನ ಲೆಕ್ಕಕ್ಕೆ ತಗೊಳ್ರೀ!” ಎಂದು ಕೂಗಿದವನು ರೊನಾಲ್ಡೇ. “ಯಾರ ಓಟು ಅಂತ ಹಾಡುಹಗಲಿನಷ್ಟು ಸ್ಪಷ್ಟ ಇದೆಯಲ್ಲಾ!”

“ಅದಕ್ಕೇ ಅಸಿಂಧು ಸಾರ್” ಎಂದ ಅಧಿಕಾರಿ. “ಯಾರದು ಅಂತ ಗೊತ್ತಾಗೋ ಹಾಗಿದ್ರೆ ಎಣಿಸೋ ಹಾಗಿಲ್ಲ.”

ಬಾಗಿಲಲ್ಲಿ ನೀನು ಯಾರೆಂದು ತೋರಿಸದಿದ್ದರೆ ಓಟಿಲ್ಲ, ಪೆಟ್ಟಿಗೆಯೊಳಗೆ ತೋರಿಸಿದರೆ ಓಟಿಲ್ಲ. ಕಾನೂನನ್ನು ಅರೆದು ಕುಡಿದ ಸಿರಿಲ್‌ಗೆ ಎರಡನೇ ಅರ್ಧ ಗಂಟಲಲ್ಲೇ ಉಳಿದಿತ್ತು. ಇಂಗು ತಿಂದ ಮಂಗನಂತೆ ಗೋಡೆಗೆ ಒರಗಿ ನಿಂತ.

ಸಮ ಬಂದರೆ ಚೀಟಿ ಎತ್ತಬೇಕು. ಅಧಿಕಾರಿ ಎರಡು ಚೀಟಿ ಬರೆದು ಮಡಚಿ, ಬಟ್ಟಲಿಗೆ ಹಾಕಿ ಅಲ್ಲಾಡಿಸಿ, ಕಣ್ಣು ಮುಚ್ಚಿ ಒಂದನ್ನು ಎತ್ತಿದ. ರೊನಾಲ್ಡ್ ಗ್ಯಾರಡ್.

ಯಾರೂ ಚಪ್ಪಾಳೆ ತಟ್ಟಲಿಲ್ಲ. ರೊನಾಲ್ಡ್ ಎನಿಡ್‌ಳ ಕೈ ಕುಲುಕಿ, “ಹುಲ್ಲಿನ ಯಂತ್ರಕ್ಕೇನೂ ಆತುರ ಇಲ್ಲಮ್ಮ. ಮಳೆಗಾಲ ಕಳೀಲಿ” ಎಂದು ಗೊಣಗಿದ. ನಮ್ಮ ಕಡೆ ಮಳೆಗಾಲ ಯಾವಾಗ ಕಳೆಯುತ್ತದೆ ಎಂಬುದು ಇಂದಿಗೂ ಯಾರಿಗೂ ತಿಳಿದಿಲ್ಲ.

ಗಂಡ ಹೆಂಡತಿ ಮನೆಯ ದಾರಿ ಹಿಡಿದರು. ಮಿಲ್ ಲೇನ್‌ನ ಅರ್ಧ ದಾರಿಯಲ್ಲಿ ಸಿರಿಲ್ ನಿಂತುಬಿಟ್ಟ.

“ನಾನು ನಿನ್ನ ಸೋಲಿಸಿಬಿಟ್ಟೆ ಎನಿಡ್.”

“ಹೌದು” ಎಂದಳು ಎನಿಡ್. ಅವಳ ಮೂಗಿನ ತುದಿ ಕೆಂಪಾಗಿತ್ತು.

“ಇನ್ನೊಂದು ವಿಷಯಾನೂ ಹೇಳ್ಬೇಕು. ಹನ್ನೊಂದು ವರ್ಷದಿಂದ ನಿಂಗೆ ಮೋಸ ಮಾಡಿದೀನಿ. ನನ್ನ ಕೂದಲು... ಇದು ನನ್ನದಲ್ಲ.”

“ಸಿರಿಲ್, ಅದನ್ನ ತಿಂಗಳಿಗೊಂದ್ಸಲ ಒಗೆದು ಒಣಗಿಸಿ ಇಡೋದು ಯಾರು ಅಂದ್ಕೊಂಡಿದ್ದೆ?”

ಸಿರಿಲ್ ಬಾಯಿ ತೆರೆದ. “ಒಳ್ಳೇ ಮಾಲು, ಕೊಳೆ ಆಗಲ್ಲ ಅಂದ್ಕೊಂಡಿದ್ದೆ.”

ಎನಿಡ್‌ಗೆ ನಗು ತಡೆಯಲಾಗಲಿಲ್ಲ. ಗಾಳಿಗೆ ಎದ್ದು ಕೂತಿದ್ದ ಅದರ ಒಂದು ಅಂಚನ್ನು, ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನೆದುರೇ, ಕೈಯಾರೆ ಒತ್ತಿ ಸರಿಮಾಡಿದಳು. ಆಮೇಲೆ ಅವನ ತೋಳಿಗೆ ತೋಳು ಸೇರಿಸಿದಳು.

“ನಡಿ. ಆ ಎಂಬತ್ತಾರು ಓಟು ಯಾರ್‍ಯಾರು ಹಾಕಿದ್ರೋ ನನಗೆ ಸಾಯೋವರೆಗೂ ಗೊತ್ತಾಗಲ್ಲ” ಎಂದಳು. “ನಿಂದೊಂದು ಮಾತ್ರ ಗೊತ್ತು.”